ರಜೆಗೆ ಊರಿಗೆ ಹೊರಟ ಹೃದಯಗಳು

ಹೃದಯಾಘಾತದ ಬಗ್ಗೆ ವೈದ್ಯಕೀಯ ವಿದ್ಯಾರ್ಥಿಗಳು ಓದುವ ದೊಡ್ಡ ಪುಸ್ತಕಗಳೆಲ್ಲ ಬಹುಕಾಲ ಒಬ್ಬನೇ ರೋಗಿಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಂಥವು. ಆತ ಯುರೋಪಿನವನೋ ಅಮೆರಿಕದವನೋ ಆಗಿರುತ್ತಾನೆ, ಅರುವತ್ತು ದಾಟಿರುತ್ತಾನೆ, ಎದೆನೋವು ಶುರುವಾದ ಕೂಡಲೇ ಆಂಬುಲೆನ್ಸ್ ಕರೆಸುತ್ತಾನೆ, ಗುಣವಾದ ಮೇಲೆ ಅದೇ ಮನೆಯಲ್ಲಿ, ಅದೇ ವೈದ್ಯರ ಕಣ್ಣಳತೆಯಲ್ಲಿ ಉಳಿದಿರುತ್ತಾನೆ. ಅರಬ್ ನಾಡುಗಳ ಆಸ್ಪತ್ರೆಗಳಿಗೆ ಬರುವವನು ಈ ಮನುಷ್ಯನಲ್ಲ ಎಂಬುದನ್ನು ಹಲವು ದೇಶಗಳ ವೈದ್ಯರು ಸೇರಿ, ವರ್ಷಗಟ್ಟಲೆ ರೋಗಿಗಳ ವಿವರ ಕೂಡಿಹಾಕಿ, ನಿಧಾನವಾಗಿ ಕಂಡುಕೊಂಡರು. ಇಲ್ಲಿಯವನು ವಯಸ್ಸಿನಲ್ಲಿ ಚಿಕ್ಕವನು. ಸಕ್ಕರೆ ಕಾಯಿಲೆ, ಸಿಗರೇಟು ಎರಡನ್ನೂ ಜೊತೆಗೆ ತಂದಿರುತ್ತಾನೆ. ಯಾರದೋ ಕಾರಿನಲ್ಲಿ, ತಡವಾಗಿ ಬರುತ್ತಾನೆ. ಮತ್ತು ಎಷ್ಟೋ ಸಲ ಅವನು ಅರಬನೇ ಅಲ್ಲ. ದುಡಿಯಲು ಬಂದ ಪರದೇಶಿ. ಈ ಅರಿವನ್ನು ಕಟ್ಟಿದವರ ಸಾಲಿನಲ್ಲಿ, ಬಹರೈನಿನಿಂದ ನಿಂತು ಕೆಲಸ ಮಾಡಿ ಈ ವರ್ಷ ನಿವೃತ್ತರಾಗುತ್ತಿರುವ ಡಾ. ಕಾಂತಾ ಬೆಲ್ಲದ ಅವರ ಸ್ಥಾನ ಬೇರೆಯೇ ತೆರನಾದುದು. ಮುಚ್ಚಿದ ರಕ್ತನಾಳವನ್ನು ತೆರೆಯಬಲ್ಲವರು ಇಂದು ಅನೇಕರಿದ್ದಾರೆ. ಹಾಗೆ ತೆರೆದುಕೊಂಡ ನಾಳವನ್ನು ಎದೆಯಲ್ಲಿ ಹೊತ್ತು ಮನುಷ್ಯ ಎಲ್ಲಿಗೆ ಹೋದ, ಯಾರೊಡನೆ ಬಾಳಿದ, ಯಾರಿಗೆ ಏನು ಹೇಳದೆ ಉಳಿದ ಎಂದು ಅವನ ಬೆನ್ನಹಿಂದೆಯೇ ನಡೆದು ನೋಡಿದವರು ವಿರಳ.

ಗದಗಿನಲ್ಲಿ ಹುಟ್ಟಿ, ತಾಯಿಯಿಲ್ಲದ ಮನೆಯಲ್ಲಿ ಅಕ್ಕನ ಕೈಯಲ್ಲಿ ಬೆಳೆದು, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದ ಕಾಂತಾ, ತೊಂಬತ್ತರ ದಶಕದ ಕೊನೆಯಲ್ಲಿ ಇಂಜಿನಿಯರ್ ಪತಿಯೊಂದಿಗೆ ಬಹರೈನಿಗೆ ಬಂದರು. ಮೊದಲು ಅವಾಲಿಯ ಕಂಪನಿ ಮನೆ, ಆಮೇಲೆ ಮಾಹೂಝ್‌ನ ಫ್ಲ್ಯಾಟು. ಅರಬ್ಬಿಯನ್ನು ಅವರು ತರಗತಿಯಲ್ಲಿ ಕಲಿಯಲಿಲ್ಲ. ವಾರ್ಡಿನ ಮುದುಕಿಯರಿಂದ ಕಲಿತರು. ಆದ್ದರಿಂದ ಅವರ ಅರಬ್ಬಿಯಲ್ಲಿ ಇಂದಿಗೂ ಒಂದಿಷ್ಟು ಅಜ್ಜಿಯರ ಗದರಿಕೆ ಇದೆ, ಒಂದಿಷ್ಟು ಹರಕೆಯೂ ಇದೆ. ಸ್ಥಳೀಯ ರೋಗಿಯೊಬ್ಬ ಮಲಗಿದನೆಂದರೆ ಅವನ ಸುತ್ತ ಮಕ್ಕಳು, ಅಳಿಯಂದಿರು, ಸೋದರರ ಮಕ್ಕಳು ಕಾಫಿಯ ಹೂಜಿ ಹಿಡಿದು ನೆರೆಯುತ್ತಿದ್ದರು. ಹಿರಿಯ ಮಗ ಡಾಕ್ಟರನ್ನು ಬಾಗಿಲ ಆಚೆಗೆ ಕರೆದು, "ಅಪ್ಪನಿಗೆ ಮಾತ್ರ ಹೇಳಬೇಡಿ ದುಕ್ತೂರಾ" ಎಂದು ಪಿಸುಗುಟ್ಟುತ್ತಿದ್ದ. ಪಕ್ಕದ ಮಂಚದಲ್ಲಿ ನಮ್ಮೂರ ಕಡೆಯವನೊಬ್ಬ ಒಂಟಿಯಾಗಿ ಮಲಗಿರುತ್ತಿದ್ದ. ಅವನದೂ ಅದೇ ಪಿಸುಮಾತು, ಆದರೆ ತಿರುವುಮುರುವು: "ಮನೆಗೆ ಮಾತ್ರ ಹೇಳಬೇಡಿ ಡಾಕ್ಟ್ರೇ." ಅಲ್ಲಿ ಮನೆಮಂದಿ ರೋಗಿಯಿಂದ ಮುಚ್ಚಿಡುತ್ತಿದ್ದರು, ಇಲ್ಲಿ ರೋಗಿ ಮನೆಮಂದಿಯಿಂದ. ಎರಡೂ ಪ್ರೀತಿಯ ಮೌನಗಳೇ. ಆದರೆ ಎರಡನೆಯ ಮೌನ ಕೊಲ್ಲಬಲ್ಲದು ಎಂದು ತಿಳಿಯಲು ಕಾಂತಾ ಅವರಿಗೆ ಬಹಳ ವರ್ಷ ಬೇಕಾಯಿತು.

ಅಷ್ಟು ಹೊತ್ತಿಗೆ ಅರಬ್ ದೇಶಗಳ ಆ ಜಂಟಿ ಅಧ್ಯಯನದಲ್ಲಿ ಬಹರೈನಿನ ಆಸ್ಪತ್ರೆಯ ಹೊಣೆ ಅವರ ಹೆಗಲಿಗೆ ಬಂದಿತ್ತು. ರೋಗಿ ಯಾರು, ಎಷ್ಟು ತಡವಾಗಿ ಬಂದ, ಯಾವ ಚಿಕಿತ್ಸೆ ಸಿಕ್ಕಿತು ಎಂಬುದನ್ನು ಬರೆದಿಡುವುದು ಕಷ್ಟವಲ್ಲ. ಒಂದು ವರ್ಷದ ನಂತರ ಅವನು ಬದುಕಿದ್ದಾನೆಯೇ ಎಂದು ತಿಳಿಯುವುದೇ ಕಷ್ಟ. ದೇಶದೇಶಗಳ ವೈದ್ಯರು ಕೂಡಿದ ಸಭೆಯೊಂದರಲ್ಲಿ ಹಿರಿಯರೊಬ್ಬರು, ಪರದೇಶಿ ಕಾರ್ಮಿಕರು ಊರಿಗೆ ಹೋದರೆ ಮತ್ತೆ ಕೈಗೆ ಸಿಗುವುದಿಲ್ಲ, ಅವರನ್ನು ವರ್ಷದ ಲೆಕ್ಕದಿಂದ ಬಿಟ್ಟುಬಿಡೋಣ ಎಂದರು. ಅಲ್ಲಿದ್ದವರು ನೆನೆಯುವಂತೆ, ಸಭೆಯಲ್ಲಿ ಬಾಯಿ ತೆರೆಯುವುದೇ ಅಪರೂಪವಾಗಿದ್ದ ಕಾಂತಾ ಅಂದು ಎದ್ದು ನಿಂತು, "ಅವರ ಎದೆ ಒಡೆದದ್ದು ನಮ್ಮ ನೆಲದ ಮೇಲೆ. ಅವರು ಉಳಿದರೋ ಇಲ್ಲವೋ ಎಂದು ಕೇಳುವವರು ನಾವಲ್ಲದೆ ಬೇರೆ ಯಾರು?" ಎಂದಷ್ಟೇ ಹೇಳಿ ಕೂತರು. ಬಿಡುವ ಮಾತು ಅಲ್ಲಿಗೇ ನಿಂತಿತು.

ಹೀಗೆ ವರ್ಷ ತುಂಬಿದವರ ಮನೆಗಳಿಗೆ ಫೋನು ಮಾಡುವ ಕೆಲಸ ಅಧ್ಯಯನದ ನರ್ಸ್, ಕರಾವಳಿಯವರೇ ಆದ ಸಿಸ್ಟರ್ ಕ್ಲೊಟಿಲ್ಡಾ ಅವರದಾಯಿತು. ಕೋವಿಡ್‌ಗೆ ಮೊದಲಿನ ಒಂದು ವರ್ಷ, ಮನಾಮಾದ ಕೆಫೆಟೇರಿಯಾದಲ್ಲಿ ದುಡಿಯುತ್ತಿದ್ದ ಬ್ಯಾರಿ ಗೃಹಸ್ಥರೊಬ್ಬರ ಸರದಿ ಬಂತು. ಇಲ್ಲಿಯ ನಂಬರು ಸತ್ತಿತ್ತು. ಊರಿನ ನಂಬರಿಗೆ ಕರೆ ಹೋಯಿತು. ಎತ್ತಿದವರು ಅವರ ಹೆಂಡತಿ ಸಾರಮ್ಮ. ಕಾಂತಾ ಅದೇ ಕೋಣೆಯಲ್ಲಿದ್ದರು. ಫೋನಿನ ಸದ್ದು ಅವರಿಗೂ ಕೇಳುತ್ತಿತ್ತು.

"ಯಜಮಾನರು ಹೇಗಿದ್ದಾರೆ? ಎದೆನೋವು ಮತ್ತೆ ಬಂತಾ?" ಎಂದು ಕೇಳಿದರು ಕ್ಲೊಟಿಲ್ಡಾ.

"ಮತ್ತೆ ಅಂದ್ರೆ?" ಎಂದಿತು ಆ ಕಡೆಯ ದನಿ. "ಮೊದ್ಲು ಬಂದಿತ್ತಾ ಅವರಿಗೆ?"

ಸಾರಮ್ಮ ತಾವಾಗಿಯೇ ಹೇಳಿದರು. ರಜೆಗೆಂದು ಬಂದಿದ್ದರು. ಚೆನ್ನಾಗಿಯೇ ಇದ್ದರು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡರು. "ಗ್ಯಾಸ್ ಅಂತ ಹೇಳಿ ನಾನು ಸೋಡಾಕ್ಕೆ ನಿಂಬೆ ಹಿಂಡಿ ಕೊಟ್ಟೆ. ನನ್ನ ಕೈಯಾರೆ ಕೊಟ್ಟದ್ದು. ಅಲ್ಲಿ ಆಪರೇಷನ್ ಆಗಿತ್ತಾ ಅವರಿಗೆ? ನಿಮಗೆಲ್ಲ ಗೊತ್ತಿತ್ತಾ?"

ಆಮೇಲೆ ಆ ಕಡೆಯಿಂದ ಮಾತಿಲ್ಲ. ಫೋನು ಇಟ್ಟ ಸದ್ದೂ ಇಲ್ಲ. ಸಾರಮ್ಮ ಆ ತುದಿಯಲ್ಲಿ ಉಸಿರಾಡುತ್ತ ನಿಂತಿದ್ದರು. ಮೃತರೊಂದಿಗೆ ಒಂದೇ ಕೋಣೆಯಲ್ಲಿದ್ದವರನ್ನು ವಿಚಾರಿಸಿದಾಗ ತಿಳಿದದ್ದಿಷ್ಟು: ಸ್ಟೆಂಟ್ ಹಾಕಿದ ಮೇಲೆ ಒಂದು ವರ್ಷ ಒಂದು ದಿನವೂ ತಪ್ಪಿಸಬಾರದ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆಗಳನ್ನು ಅವರು ರಜೆಗೆ ಹೋಗುವಾಗ ಇಲ್ಲಿಯೇ ತಲೆದಿಂಬಿನ ಕೆಳಗೆ ಬಿಟ್ಟು ಹೋಗಿದ್ದರು. ಮಾತ್ರೆ ಕಂಡರೆ ಮನೆಯಲ್ಲಿ ಕೇಳುತ್ತಾರಲ್ಲ, ಅದಕ್ಕೆ.

ಕಾಂತಾ ತಮ್ಮ ಹಳೆಯ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳತೊಡಗಿದರು. ಅವರು ಕೇಳುವ ರೀತಿಯೇ ಬೇರೆ. ಒಂದು ಪ್ರಶ್ನೆ ಹಾಕಿ ಸುಮ್ಮನಾಗುವರು. ಎದುರಿನವರು ಮೊದಲು ಸುಳ್ಳು ಹೇಳುವರು, ಆಮೇಲೆ ನಗುವರು, ಆಮೇಲೆ ಕಿಟಕಿಯ ಆಚೆ ನೋಡುವರು, ಕಟ್ಟಕಡೆಗೆ ನಿಜ ಬರುವುದು. ವರ್ಷವಿಡೀ ನಿಷ್ಠೆಯಿಂದ ಮಾತ್ರೆ ನುಂಗಿದವರು ಊರಿನ ಒಂದು ತಿಂಗಳು ಮಾತ್ರ ನಿಲ್ಲಿಸುತ್ತಿದ್ದರು. ಯಾವ ಮನೆಯ ಮಡಿಲಿಗಾಗಿ ಹನ್ನೊಂದು ತಿಂಗಳು ಹಂಬಲಿಸಿದರೋ ಆ ಮನೆಯಲ್ಲಿಯೇ ಅವರ ಹೃದಯ ಅತ್ಯಂತ ಅರಕ್ಷಿತವಾಗಿರುತ್ತಿತ್ತು. ಇಂಥದೊಂದು ಕಾರಣ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಂದಿನಿಂದ ರೋಗಿಯನ್ನು ಮನೆಗೆ ಕಳಿಸುವಾಗ ಕಾಂತಾ ತಪ್ಪದೆ ಕೇಳುತ್ತಿದ್ದ ಕೊನೆಯ ಪ್ರಶ್ನೆ: ಮನೆಗೆ ಗೊತ್ತೇ?

ವಿಮಾನಗಳು ಮತ್ತೆ ಹಾರತೊಡಗಿದ ವರ್ಷ, ಟುಬ್ಲಿಯ ಗ್ಯಾರೇಜೊಂದರ ಫೋರ್‌ಮನ್ ರೊಕಿ ಮಿನೇಜಸ್ ಅವರನ್ನು ಅಲ್ಲಿಯ ಪೇಂಟರ್ ಮಸೂದ್ ಪಿಕಪ್ಪಿನಲ್ಲಿ ಹಾಕಿಕೊಂಡು ತುರ್ತು ವಿಭಾಗಕ್ಕೆ ತಂದ. ರೊಕಿ ಶಿರ್ವದ ಕಡೆಯವರು, ಐವತ್ತರ ಆಸುಪಾಸು, ಗ್ರೀಸ್ ಹತ್ತಿದ ಕೈಯಲ್ಲಿ ಅಂಗಿಯ ಎದೆಭಾಗವನ್ನು ಮುಷ್ಟಿ ಮಾಡಿ ಹಿಡಿದಿದ್ದರು.

"ಗ್ಯಾಸ್ ಡಾಕ್ಟ್ರೇ. ಒಂದು ಇಂಜೆಕ್ಷನ್ ಕೊಟ್ಟು ಬಿಟ್ಬಿಡಿ, ಇವತ್ತು ಎರಡು ಗಾಡಿ ಡೆಲಿವರಿ ಉಂಟು."

"ಝೂಟ್ ಬೋಲ್‌ತಾ ಹೈ ಮೇಡಂ," ಎಂದ ಮಸೂದ್, ಬೆವರು ಒರೆಸಿಕೊಳ್ಳುತ್ತ. "ದಾರಿಯುದ್ದಕ್ಕೂ ನನ್ನ ಡ್ರೈವಿಂಗ್ ಬೈಲಿಲ್ಲ. ಅಲ್ಲೇ ಗೊತ್ತಾಯ್ತು ಈ ಮನುಷ್ಯನಿಗೆ ಏನೋ ದೊಡ್ಡದೇ ಆಗಿದೆ ಅಂತ."

"ಗಾಡಿ ಇರ್ಲಿ ಬಿಡ್ರಿ," ಎಂದರು ಕಾಂತಾ, ಇ.ಸಿ.ಜಿ.ಯ ಕಾಗದ ನೋಡುತ್ತ. "ಇದು ಹಾರ್ಟ್ ಅಟ್ಯಾಕ್ ಐತಿ. ಸುಮ್ನ ಮಲಗ್ರಿ."

ಸ್ಟೆಂಟ್ ಬಿತ್ತು, ರೊಕಿ ಉಳಿದರು. ಹೊರಡುವ ದಿನ ಕಾಂತಾ ಕೇಳಿದರು: "ಮನಿಗೆ ಗೊತ್ತೈತೇನ್ರಿ?"

"ಗೊತ್ತುಂಟು, ಗೊತ್ತುಂಟು."

ಎರಡು ಸಲ ಹೇಳುವವರು ಒಂದು ಸಲವೂ ಹೇಳಿರುವುದಿಲ್ಲ ಎಂದು ಕಾಂತಾ ಅವರಿಗೆ ಅನುಭವದಿಂದ ತಿಳಿದಿತ್ತು. ಆದರೆ ರೋಗಿಯ ಗುಟ್ಟು ರೋಗಿಯದು. ಅವನ ಅಪ್ಪಣೆಯಿಲ್ಲದೆ ಅವನ ಹೆಂಡತಿಗೂ ಅದನ್ನು ಹೇಳುವ ಅಧಿಕಾರ ವೈದ್ಯರಿಗಿಲ್ಲ.

ಐದು ತಿಂಗಳ ಮೇಲೆ ರೊಕಿ ಮತ್ತೆ ಬಂದರು. ಮಗಳು ಡಿಂಪಲ್‌ಳ ಮದುವೆ ಗೊತ್ತಾಗಿತ್ತು. ಒಂದು ತಿಂಗಳ ರಜೆ. ವಿಮಾನ ಹತ್ತಬಹುದೆಂದು ಚೀಟಿ ಬೇಕಾಗಿತ್ತು. ಚೀಟಿ ಕಿಸೆಗೆ ಸೇರಿದ ಮೇಲೂ ಅವರು ಕುರ್ಚಿ ಬಿಡಲಿಲ್ಲ.

"ಈ ಮಾತ್ರೆ ಒಂದು ತಿಂಗಳು ನಿಲ್ಸಿದ್ರೆ ಎಂತಾದ್ರೂ ಆಗ್ತದಾ ಡಾಕ್ಟ್ರೇ?"

"ಯಾಕ್ ನಿಲ್ಲಸ್ತೀರಿ?"

"ಸುಮ್ನೆ ಕೇಳಿದ್ದು."

"ಸುಮ್ನ ಕೇಳಾಕ ಟುಬ್ಲಿಯಿಂದ ಇಲ್ಲಿತನಕ ಬಂದ್ರೇನು?"

ಇಷ್ಟು ಹೇಳಿ ಕಾಂತಾ ತಮ್ಮ ವಾಡಿಕೆಯಂತೆ ಸುಮ್ಮನಾದರು. ಹೊರಗೆ ರೋಗಿಗಳ ಸಾಲು ಕಾಯುತ್ತಿತ್ತು. ಮೂಲೆಯ ಮೇಜಿನಲ್ಲಿ ಕ್ಲೊಟಿಲ್ಡಾ ಕೀಬೋರ್ಡಿನಿಂದ ಕೈ ತೆಗೆದರು. ರೊಕಿ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದರು, ಮತ್ತೆ ತಿರುಗಿಸಿದರು, ಕೊನೆಗೆ ಬಾಯಿಬಿಟ್ಟರು.

"ನನ್ನ ಬ್ಯಾಗು ನಾನು ತೆರೆಯುದಲ್ಲ ಡಾಕ್ಟ್ರೇ. ಊರಿಗೆ ಮುಟ್ಟಿದ ಕೂಡ್ಲೆ ಇಡೀ ಕುಟುಂಬ ಕೂತು ತೆರೆಯುದು. ಸೆಂಟು ಯಾರಿಗೆ, ಟ್ಯಾಂಗ್ ಯಾರಿಗೆ, ಖರ್ಜೂರ ಯಾರಿಗೆ ಅಂತ. ನನ್ನ ಚಡ್ಡಿ ಬನಿಯನ್ನನ್ನು ಸಹ ನನ್ನ ಅತ್ತಿಗೆ ಮಡಚಿ ಇಡ್ತಾಳೆ. ಅದ್ರೊಳಗೆ ಇಷ್ಟು ಪ್ಯಾಕೆಟ್ ಮಾತ್ರೆ ಎಲ್ಲಿ ಅಡಗಿಸುದು ಹೇಳಿ?"

"ಅಡಗಸೂದ್ ಯಾಕ? ನಿಮ್ಮ ಮನಿಯವರಿಗೆ ಹೇಳ್ರಿ."

"ರೋಸಲಿನ್‌ಗಾ? ಆಯ್ತು ಕಥೆ! ಅವಳಿಗೆ ಗೊತ್ತಾದ್ರೆ ಪೂಜೆ ಮುಗಿಯುವ ಮೊದ್ಲು ಇಡೀ ಇಗರ್ಜಿಗೆ ಗೊತ್ತು. ಹುಡುಗನ ಕಡೆಯವರಿಗೂ ಗೊತ್ತು." ರೊಕಿಯವರ ದನಿ ತಗ್ಗಿತು. "ಮಗಳು ನನ್ನ ಕೈ ಹಿಡಿದು ಇಗರ್ಜಿಯ ಆಲ್ತಾರಿನವರೆಗೆ ನಡೀಬೇಕು ಡಾಕ್ಟ್ರೇ. ಪಪ್ಪ ಎಲ್ಲಿ ಬೀಳ್ತಾರೋ ಅಂತ ನನ್ನ ಕಾಲು ನೋಡ್ತಾ ನಡೀಬಾರ್ದು. ಆ ಒಂದು ದಿನ ಅವಳು ಎದುರು ನೋಡ್ತಾ ನಡೀಲಿ. ಅಷ್ಟೇ ನಂಗೆ ಬೇಕಾದ್ದು."

ಕ್ಲೊಟಿಲ್ಡಾ ತಡೆಯಲಾರದೆ, "ರೊಕಿಬಾಬ್, ಮಾತ್ರೆ ನಿಲ್ಸಿದ್ರೆ ಅವಳು ನಡಿಯುವ ದಿನ ನೀವೇ ಇರ್ಲಿಕ್ಕಿಲ್ಲ" ಎಂದರು.

"ಸಿಸ್ಟರ್ ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು," ಎಂದು ರೊಕಿ ನಕ್ಕರು. ಆಮೇಲೆ ಕಾಂತಾ ಅವರ ಕಡೆ ತಿರುಗಿ, ಜಾರಿಕೊಳ್ಳಲು ಒಂದು ದಾರಿ ಸಿಕ್ಕಿತೆಂಬಂತೆ ಕೇಳಿದರು: "ನೀವು ನಿಮ್ಮ ಮನೆಯಲ್ಲಿ ಎಲ್ಲ ಹೇಳ್ತೀರಾ ಡಾಕ್ಟ್ರೇ?"

ಕಾಂತಾ ಹೌದೆಂದು ಹೇಳಿ ಮುಗಿಸಬಹುದಿತ್ತು. ರೋಗಿ ಪರೀಕ್ಷಿಸಲು ಹೋಗುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ.

"ಇಲ್ರಿ. ನನಗ ಸಕ್ಕರಿ ರೋಗ ಐತಿ. ಇನ್ಸುಲಿನ್ ತಗೋತೇನಿ. ಗದಗಿನ್ಯಾಗ ನಮ್ಮ ಅಕ್ಕ ಅದಾಳ, ನನ್ನ ಸಾಕಿದಾಕಿ. ಆಕಿಗೆ ಗೊತ್ತಿಲ್ಲ. ರಜಾಕ್ಕ ಹೋದಾಗ ಬಚ್ಚಲಮನ್ಯಾಗ ನಿಂತು ಚುಚ್ಚಿಗೋತೇನಿ. ಒಂದೊಂದ್ ದಿನ ತಪ್ಪಸೇನಿ ಸೈತ."

ರೊಕಿ ಹುಬ್ಬೇರಿಸಿದರು. "ಹಾಗಾದ್ರೆ ನೀವು ಮೊದ್ಲು ಫೋನ್ ಮಾಡಿ. ಆಮೇಲೆ ನಾನು ಮಾಡ್ತೇನೆ."

ಆತ ಹೇಳಿದ್ದು ತಮಾಷೆಗೆ. ಹೃದ್ರೋಗ ವಿಭಾಗದ ಹಿರಿಯ ವೈದ್ಯೆ, ಹೊರಗೆ ಅಷ್ಟು ಜನ ಕಾಯುತ್ತಿರುವಾಗ, ಗ್ಯಾರೇಜಿನ ರೋಗಿಯೊಬ್ಬನ ಮಾತು ಕೇಳಿ ಮನೆಗೆ ಫೋನು ಮಾಡುತ್ತಾರೆಂದು ಯಾರು ತಾನೇ ಎಣಿಸಿಯಾರು? ಕಾಂತಾ ಪರ್ಸಿನಿಂದ ಮೊಬೈಲು ತೆಗೆದು, ನಂಬರು ಒತ್ತಿ, ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟರು.

"ಯಾಕವಾ ಕಾಂತಾ, ಈ ಹೊತ್ತಿನ್ಯಾಗ? ಆಸ್ಪತ್ರಿಗೆ ಹೋಗಿಲ್ಲೇನು?"

"ಆಸ್ಪತ್ರ್ಯಾಗ ಅದೇನಿ ಯಕ್ಕಾ. ನಿನಗೊಂದು ಮಾತು ಹೇಳೂದಿತ್ತು. ನನಗ ಸಕ್ಕರಿ ರೋಗ ಐತಿ. ಮೂರು ವರ್ಷಾತು."

ಆ ಕಡೆ ಕುಕ್ಕರು ಒಂದು ಸಲ ಕೂಗಿತು. ಒಲೆ ಆರಿಸಿದ ಸದ್ದಾಯಿತು.

"ಅದಕ್ಕ ಹೋದ ಸಲ ಹೋಳಿಗಿ ಒಲ್ಲೆ ಅಂದಿ ಏನು?"

"ಹೂಂ."

"ನಾ ಏನ್ ತಿಳ್ಕೊಂಡಿದ್ದೆ ಗೊತ್ತೈತೇನು? ದೊಡ್ಡ ಡಾಕ್ಟರ್ ಆಗ್ಯಾಳ, ನಮ್ಮ ಮನಿ ಹೋಳಿಗಿ ಇಕಿಗೆ ಈಗ ಸೇರವಲ್ದು ಅಂತ. ನೀ ವಿಮಾನ ಹತ್ತಿದ ಮ್ಯಾಲೆ ಅಡಗಿಮನ್ಯಾಗ ಕುಂತು ಅತ್ತೇನಿ." ಅಕ್ಕನ ದನಿ ಒಮ್ಮೆ ಒಡೆಯಿತು, ಮರುಕ್ಷಣ ಏರಿತು. "ಹುಚ್ಚಿ! ಮಂದಿ ಎದಿ ಕೊಯ್ದು ನೋಡಾಕಿ, ನನ್ನ ಮುಂದ ಬಾಯಿ ತಗ್ಯಾಕ ಮೂರು ವರ್ಷ ಬೇಕಾತೇನು ನಿನಗ? ಬಾ ನೀ ಈ ಸಲ, ನಿನಗ ಐತಿ!"

ಕ್ಲೊಟಿಲ್ಡಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ನಗುವಿಗೋ ಅಳುವಿಗೋ ಅವರಿಗೂ ತಿಳಿಯದು. ಕಾಂತಾ ಫೋನು ಕೆಳಗಿಟ್ಟು, ಕೆಂಪಾದ ಮುಖವನ್ನು ಅಡಗಿಸದೆ, ಎದುರಿಗೆ ಕೂತವರನ್ನು ನೋಡಿದರು. "ಈಗ ನಿಮ್ಮ ಪಾಳಿ ರೊಕಿಯವರ."

ರೊಕಿ ತಮ್ಮ ಫೋನು ತೆಗೆದು ವಿಡಿಯೊ ಕರೆ ಮಾಡಿದರು. ಗಂಡಹೆಂಡಿರ ಮಾತು ಕೊಂಕಣಿಯಲ್ಲಿ ನಡೆಯಿತು. ಕ್ಲೊಟಿಲ್ಡಾ ಆಮೇಲೆ ಅದನ್ನು ಕನ್ನಡದಲ್ಲಿ ಹೇಳಿದರು.

"ಎಂತ ಆಯ್ತು? ಟಿಕೆಟ್ ಕ್ಯಾನ್ಸಲಾ?" ಎಂದು ಶುರುಮಾಡಿದ್ದರಂತೆ ರೋಸಲಿನ್.

ರೊಕಿ ಹೇಳಿದರು. ನೆಟ್ಟಗೆ ಹೇಳಲಾರದೆ, ಅಲ್ಲಿ ಇಲ್ಲಿ ತಡವರಿಸಿ, ಸ್ಟೆಂಟ್ ಎಂದರೆ ಒಂದು ಸ್ಪ್ರಿಂಗು ಅಷ್ಟೇ ಎಂದು ಸಣ್ಣದು ಮಾಡಿ ಹೇಳಿದರು. ರೋಸಲಿನ್ ಕೈಯಲ್ಲಿದ್ದ ಫೋನು ಕೆಳಗೆ ವಾಲಿತು. ತೆರೆಯ ಮೇಲೆ ಮನೆಯ ಕೆಂಪು ನೆಲ, ಒಂದು ಜೊತೆ ಹವಾಯಿ ಚಪ್ಪಲಿ ಮಾತ್ರ ಕಾಣುತ್ತಿದ್ದವು. ಚಪ್ಪಲಿಗಳು ಅಲುಗಲಿಲ್ಲ. ಮೂವರೂ ಆ ಚಪ್ಪಲಿಗಳನ್ನು ನೋಡುತ್ತ ಕಾದರು. ಇನ್ನೊಂದು ಫೋನಿನಲ್ಲಿ ಹಿಂದೊಮ್ಮೆ ಕೇಳಿದ್ದ ಉಸಿರು ಕಾಂತಾ ಅವರ ಕಿವಿಯಲ್ಲಿತ್ತು. ಆದರೆ ಇಲ್ಲಿ ಸಮಯ ಇನ್ನೂ ಮೀರಿರಲಿಲ್ಲ.

ಫೋನು ಮೇಲೆದ್ದಿತು. "ಕಂಪೆನಿ ಕೆಲಸಕ್ಕೆ ಸೌದಿಗೆ ಹೋಗಿದ್ದೆ, ಸಿಗ್ನಲ್ ಇರ್ಲಿಲ್ಲ ಅಂತ ಹೇಳಿದ್ರಲ್ಲ, ಅವತ್ತಾ?"

"ಹೌದು."

"ಐದು ತಿಂಗಳು ದಿನಾ ಸಂಜೆ ಫೋನಲ್ಲೇ ನನ್ನ ಒಟ್ಟಿಗೆ ಜಪಸರದ ತೇರ್ಸ ಹೇಳಿದ್ದೀರಿ. ದೇವಮಾತೆಗೆ ಹೇಳ್ಲಿಕ್ಕೆ ಬಾಯಿ ಉಂಟು, ನಂಗೆ ಹೇಳ್ಲಿಕ್ಕೆ ಇಲ್ಲ." ಆಮೇಲೆ ಕಣ್ಣೊರೆಸಿಕೊಂಡು, ಗಂಡನನ್ನು ಬಿಟ್ಟು ಕನ್ನಡಕ್ಕೆ ತಿರುಗಿ, "ಅಲ್ಲಿ ಡಾಕ್ಟ್ರು ಇದ್ದಾರಾ? ಅವರಿಗೆ ಕೊಡಿ. ನಿಮ್ಮತ್ರ ಆಮೇಲೆ ಮಾತಾಡ್ತೇನೆ" ಎಂದರು.

ಯಾವ ಮಾತ್ರೆ, ಯಾವ ಹೊತ್ತಿಗೆ, ತಪ್ಪಿದರೆ ಏನಾಗುತ್ತದೆ ಎಂದೆಲ್ಲ ಕೇಳಿ, ಕೊನೆಗೆ ರೋಸಲಿನ್ ಕೇಳಿದರು: "ಎದೆನೋವು ಬಂದ್ರೆ ಅದು ಗ್ಯಾಸಾ ಹಾರ್ಟಾ ಅಂತ ನಂಗೆ ಹೇಗೆ ಗೊತ್ತಾಗುದು ಡಾಕ್ಟ್ರೇ?"

"ನಿಮಗ ಗೊತ್ತಾಗೂದ್ ಬ್ಯಾಡ್ರಿ ತಾಯಿ. ಅದನ್ನ ಆಸ್ಪತ್ರಿಯವರು ಹೇಳ್ಲಿ. ನೀವು ಕರ್ಕೊಂಡು ಹೋಗ್ರಿ, ಅಷ್ಟ."

ರೊಕಿ ಮಾತ್ರೆಗಳ ಪೊಟ್ಟಣವನ್ನು ಬ್ಯಾಗಿನ ಎಲ್ಲಕ್ಕಿಂತ ಮೇಲೆ, ಖರ್ಜೂರದ ಡಬ್ಬಿಗಿಂತ ಮೇಲೆ ಇಟ್ಟುಕೊಂಡು ಊರಿಗೆ ಹೋದರು.

ಮದುವೆಯ ಮುನ್ನಾದಿನ, ಮಗಳಿಗೆ ತೆಂಗಿನ ಹಾಲು ಹಚ್ಚಿ ಹರಸುವ ರೋಸ್ ಶಾಸ್ತ್ರ ನಡೆಯುತ್ತಿರುವಾಗ, ಚಪ್ಪರದ ಕೆಳಗೆ ರೊಕಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಬೆವರು ಇಳಿಯುತ್ತಿತ್ತು. ಸುತ್ತಲಿದ್ದವರು ತಲೆಗೊಂದು ಮಾತು ಹೇಳಿದರು. ಹಂದಿಮಾಂಸದ ದುಕ್ರಾಮಾಸ್ ಜಾಸ್ತಿಯಾಯಿತು, ಸೆಕೆ, ನಿದ್ದೆಯಿಲ್ಲ, ಗ್ಯಾಸ್. ಯಾರೋ ಉಪ್ಪು ನಿಂಬೆ ಹಾಕಿದ ಸೋಡಾ ತಂದು ಅವರ ಕೈಗಿಟ್ಟೂ ಆಯಿತು. ತೆಂಗಿನ ಹಾಲು ಮೆತ್ತಿದ ಕೈಯಲ್ಲೇ ರೋಸಲಿನ್ ಆ ಗ್ಲಾಸು ಕಿತ್ತುಕೊಂಡು ಹೂಕುಂಡಕ್ಕೆ ಸುರಿದರು. ಮನೆಯ ಕಾರು ನೆಂಟರ ಕಾರುಗಳ ನಡುವೆ ಸಿಕ್ಕಿಕೊಂಡಿತ್ತು. ಗೇಟಿನ ಹೊರಗೆ ನಿಂತಿದ್ದು ಶಾಮಿಯಾನದವರ ಟೆಂಪೊ ಒಂದೇ. ಗಂಡನನ್ನು ಅದಕ್ಕೆ ಹತ್ತಿಸಿ, ತಾವೂ ಹತ್ತಿ, ಉಡುಪಿಯ ದಾರಿ ಹಿಡಿದರು.

ಆ ಸಂಜೆ ಮಾಹೂಝ್‌ನ ಫ್ಲ್ಯಾಟಿನಲ್ಲಿ ಕಾಂತಾ ಅವರ ಫೋನು ಬಡಿದುಕೊಂಡಿತು. ಮೊದಲು ರೋಸಲಿನ್ ಅವರ ದನಿ: "ಡಾಕ್ಟ್ರೇ, ಗ್ಯಾಸಾ ಅಂತ ನಾನು ಕೇಳ್ಲಿಲ್ಲ. ಕರ್ಕೊಂಡು ಬಂದೆ." ಅಷ್ಟು ಹೇಳಿ ಅವರು ಬಿಕ್ಕಿದರು. ಆಮೇಲೆ ಅಲ್ಲಿಯ ಯುವವೈದ್ಯರು ಮಾತಾಡಿದರು. ಈ ಸಲ ಮುಚ್ಚತೊಡಗಿದ್ದು ಬೇರೊಂದು ನಾಳ, ಅದನ್ನು ತೆರೆದಾಗಿದೆ. ಬಹರೈನಿನ ಸ್ಟೆಂಟು ಸ್ವಚ್ಛವಾಗಿದೆ. "ಮೇಡಂ, ಮಾತ್ರೆ ಬಿಟ್ಟಿದ್ದರೆ ಅದೂ ಮುಚ್ಚುತ್ತಿತ್ತು. ಎರಡೂ ಒಟ್ಟಿಗೆ ಮುಚ್ಚಿದ್ದರೆ ಇವರು ನಮ್ಮ ಬಾಗಿಲು ಮುಟ್ಟುತ್ತಿರಲಿಲ್ಲ. ಅಂದ ಹಾಗೆ, ಇವರ ಹೆಂಡತಿ ಎಲ್ಲ ಮಾತ್ರೆಗಳ ಹೆಸರನ್ನೂ ಬಾಯಿಪಾಠ ಹೇಳಿದರು. ಅವರು ನರ್ಸೇ?"

"ಅಲ್ರಿ," ಎಂದರು ಕಾಂತಾ. "ಅವರಿಗೆ ಯಜಮಾನ್ರು ಹೇಳಿದ್ರು, ಅಷ್ಟ."

ಮದುವೆಯನ್ನು ಮುಂದೂಡಲಿಲ್ಲ, ರೊಕಿಯೇ ಬಿಡಲಿಲ್ಲ. ಮರುದಿನ ಆಲ್ತಾರಿನವರೆಗೆ ಡಿಂಪಲ್‌ಳ ಕೈ ಹಿಡಿದು ನಡೆದವರು ರೋಸಲಿನ್. ಕಂಡವರು ಹೇಳುವಂತೆ, ತಾಯಿಮಗಳು ಇಬ್ಬರೂ ನೇರ ಮುಂದಕ್ಕೆ ನೋಡುತ್ತ ನಡೆದರು. ವಿಧಿ ಮುಗಿದ ಮೇಲೆ ಬಿಳಿಯ ಗೌ‌ನಿನಲ್ಲೇ ಹುಡುಗಿ ಗಂಡನೊಡನೆ ಆಸ್ಪತ್ರೆಗೆ ಬಂದಳು. ಗಾಜಿನ ಆಚೆ ಮಲಗಿದ್ದ ತಂದೆ ಕೈಯೆತ್ತಿ ಹರಸಿದರು. ಆ ಚಿತ್ರವನ್ನು ಯಾರೋ ಕಾಂತಾ ಅವರಿಗೆ ಕಳಿಸಿದರು. ಅವರು ಅದನ್ನು ಕ್ಲೊಟಿಲ್ಡಾ ಅವರಿಗೆ ತೋರಿಸಿದರು.

ದೊಡ್ಡ ಉಪಕರಣವಿಲ್ಲದೆ, ಹೊಸ ಔಷಧವಿಲ್ಲದೆ, ಒಬ್ಬ ವೈದ್ಯೆ ತಮ್ಮ ಸ್ವಂತ ಮರೆಯನ್ನು ರೋಗಿಯ ಎದುರಿಗೆ ತೆರೆದಿಟ್ಟು ಒಂದು ಜೀವ ಉಳಿಸಿದರಲ್ಲ, ಇದನ್ನು ಯಾವ ಚಿಕಿತ್ಸೆಯೆಂದು ಕರೆಯುವುದು? ಅಧ್ಯಯನದ ಬರಹಗಳಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಆ ಘಟನೆಯ ನಂತರ ರಜೆಗೆ ಹೊರಟ ಹೃದ್ರೋಗಿಗಳಿಗಾಗಿ ವಾರಕ್ಕೊಂದು ಬೆಳಿಗ್ಗೆ ಮೀಸಲಾಯಿತು. ಡಾಕ್ಟರ ಕೋಣೆಯಿಂದಲೇ ಮನೆಗೆ ಕರೆ ಹೋಗುತ್ತದೆ. ಕೇರಳದವರು, ಬಂಗಾಳದವರು, ಪಾಕಿಸ್ತಾನದವರು, ಫಿಲಿಪೈನ್ಸಿನವರು ಅಲ್ಲಿ ಕೂತು ತಮ್ಮ ತಮ್ಮ ನುಡಿಯಲ್ಲಿ ಒದ್ದಾಡುತ್ತಾರೆ, ಬೈಸಿಕೊಳ್ಳುತ್ತಾರೆ, ಹಗುರಾಗಿ ಹೋಗುತ್ತಾರೆ. ಕಾಂತಾ ಅವರ ಶಿಷ್ಯೆ, ಬಹರೈನಿನವರೇ ಆದ ಡಾ. ಫಿದಾ ಈಗ ಅದನ್ನು ನಡೆಸುತ್ತಿದ್ದಾರೆ. ತಮ್ಮ ತಂದೆಯ ಕಾಯಿಲೆಯನ್ನು ತಂದೆಗೇ ಹೇಳದೆ ಉಳಿದ ಮನೆಯಿಂದ ಬಂದವರು ಅವರು. ಈಗ ಸ್ಥಳೀಯ ರೋಗಿಗಳ ಮಕ್ಕಳನ್ನೂ ಅದೇ ಕುರ್ಚಿಯಲ್ಲಿ ಕೂರಿಸುತ್ತಾರೆ.

ನಿವೃತ್ತರಾಗಿ ಕಾಂತಾ ಗದಗಿಗೆ ಮರಳುತ್ತಿದ್ದಾರೆ. ವಿಶ್ರಾಂತಿಗೆಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪು. ಇಷ್ಟು ವರ್ಷ ಹೊರಡುವವರನ್ನು ಈ ದಡದಿಂದ ಬೀಳ್ಕೊಟ್ಟವರು, ಇನ್ನು ಮುಂದೆ ಬಂದಿಳಿಯುವವರನ್ನು ಆ ದಡದಲ್ಲಿ ಎದುರುಗೊಳ್ಳಲಿದ್ದಾರೆ. ಗದಗಿನಿಂದ ಕರಾವಳಿಯವರೆಗೆ, ಕೊಲ್ಲಿಯಿಂದ ರಜೆಗೆ ಬಂದ ಹೃದ್ರೋಗಿಗಳ ಮನೆಗಳಿಗೆ ಫೋನು ಮಾಡುವ, ಸಾಧ್ಯವಾದರೆ ಹೋಗಿಬರುವ ಯೋಜನೆಯೊಂದನ್ನು ಅವರು ಆಗಲೇ ಸಿದ್ಧಪಡಿಸಿದ್ದಾರೆ. ಅವರು ಹೋಗಲು ನಿಶ್ಚಯಿಸಿರುವ ಮೊದಲ ಮನೆ ಸಾರಮ್ಮ ಅವರದು. ಅಲ್ಲಿ ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ, "ಹೇಳಾಕ ಹೊಂಟಿಲ್ರಿ. ಅವರ ಮುಂದ ಕುಂದ್ರಾಕ ಹೊಂಟೇನಿ" ಎಂದರು.

ಇಂಥವರಿಗೆ ನಾವು ಹರಸುವುದಕ್ಕಿಂತ ಬೇಡಿಕೊಳ್ಳುವುದೇ ಹೆಚ್ಚು. ಅವರ ದೇಹ ಗಟ್ಟಿಯಾಗಿರಲಿ, ಮಾತು ವಿರಳವಾಗಿಯೇ ಇರಲಿ; ನೂರಾರು ಮನೆಗಳ ಜಗುಲಿಯಲ್ಲಿ ಹೀಗೆ ಸುಮ್ಮನೆ ಕೂರುವಷ್ಟು ದೀರ್ಘವಾದ ಆಯುಷ್ಯ ಅವರಿಗಿರಲಿ.